ಬಲಸುತ್ತಿನ ಯಜಮಾನ್ರು

ಯಜಮಾನ್ರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಗ್ರೌಂಡಿನ ವಾಟ್ಸಾಪ್ ಗುಂಪಿನಿಂದ. ಅವರ ಫೋಟೊ ಹಾಕಿ ಕೆಳಗೆ ‘ಯುವಕರ ಮಾರ್ಗದರ್ಶಕರು’ ಎಂದು ಯಾರೋ ಬರೆದಿದ್ದರು. ಆ ಸಾಲು ಓದಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಅವರು ಯುವಕರಿಗೆ ತೋರಿಸಿದ ಮಾರ್ಗ ಒಂದೇ ಒಂದು. ಅದು ನಾವು ಓಡುತ್ತಿದ್ದ ದಿಕ್ಕಿಗೆ ನೇರ ವಿರುದ್ಧವಾಗಿತ್ತು.

ನಾನು ಹೊಸಪೇಟೆಯ ಚಿತ್ತವಾಡ್ಗಿಯವನು. ಬಿ.ಕಾಂ. ಮುಗಿಸಿ ಒಂದು ಆನ್‌ಲೈನ್ ಸೆಂಟರಿನಲ್ಲಿ ಕೂತು ಬೇರೆಯವರ ಅರ್ಜಿ ತುಂಬುತ್ತೇನೆ. ಅವರ ಪರಿಚಯವಾದ ವರ್ಷ ನನ್ನದೇ ಒಂದು ಅರ್ಜಿ ಲಿಖಿತ ಪರೀಕ್ಷೆ ದಾಟಿ ಮುಂದಕ್ಕೆ ಹೋಗಿತ್ತು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆ. ಉಳಿದದ್ದು ಓಟ: ಹದಿನಾರುನೂರು ಮೀಟರು, ಆರೂವರೆ ನಿಮಿಷದೊಳಗೆ. ನನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ. ಮುಂದಿನ ನೇಮಕಾತಿ ಯಾವಾಗ ಬಂದರೂ ನಾನು ಮಿತಿ ದಾಟಿರುತ್ತಿದ್ದೆ. ಹಾಗಾಗಿ ಪ್ರತಿದಿನದ ಓಟವನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಆ ಪುಟಗಳನ್ನು ಈಗ ತಿರುವಿದರೆ ನನ್ನ ಓಟಕ್ಕಿಂತ ಅವರ ವಿಷಯವೇ ಹೆಚ್ಚು ಕಾಣುತ್ತದೆ.

ಬೆಳಗಿನ ಗ್ರೌಂಡಿನಲ್ಲಿ ಎರಡು ಗುಂಪು. ಒಂದು ನಮ್ಮದು, ನೇಮಕಾತಿಗೆ ಓಡುವವರು. ಇನ್ನೊಂದು ವಾಕಿಂಗಿನವರು, ಹೆಚ್ಚಿನವರು ನಿವೃತ್ತರು. ಯಜಮಾನ್ರು ಆ ಗುಂಪಿನ ಮುಖಂಡರು. ಯಾರೂ ಆರಿಸಿದ್ದಲ್ಲ, ಬೇಗ ಬರುತ್ತಿದ್ದರು ಅಷ್ಟೆ. ಸರ್ಕಾರಿ ಸ್ಟೋರಿನಲ್ಲಿ ಕೀಪರ್ ಆಗಿದ್ದವರು. ಬೇಸಿಗೆಯಲ್ಲೂ ಮಂಕಿ ಕ್ಯಾಪು, ಕಾಲಿಗೆ ಚರ್ಮದ ಚಪ್ಪಲಿ. ಮಗಳು ಕೊಡಿಸಿದ ಶೂ ಮನೆಯಲ್ಲಿ ಡಬ್ಬಿಯೊಳಗೇ ಇತ್ತು. ಕೈಯಲ್ಲಿ ಒಂದು ಬೆತ್ತ. ಅದನ್ನು ಅವರು ಊರಿಕೊಂಡದ್ದನ್ನು ನಾನು ಎಂದೂ ನೋಡಿಲ್ಲ. ತೋರಿಸುವುದಕ್ಕೆ ಇಟ್ಟುಕೊಂಡಿದ್ದರು. ನಾವು ಬಿಟ್ಟುಹೋದ ನೀರಿನ ಬಾಟಲಿಗಳನ್ನು ಹೆಕ್ಕಿ ಕಲ್ಲುಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿ, ಬೆತ್ತದಿಂದ ಒಂದೊಂದನ್ನೇ ಮುಟ್ಟುತ್ತಾ, “ಇದು ಈಗಿನ ಹುಡುಗ್ರದ್ದು. ಇದೂ ಈಗಿನ ಹುಡುಗ್ರದ್ದು,” ಎಂದು ದಾಸ್ತಾನು ಒಪ್ಪಿಸುತ್ತಿದ್ದರು. ಒಂದು ಬಾಟಲಿ ಅವರದೇ ಗುಂಪಿನ ರಿಟೈರ್ಡ್ ಟೀಚರ್ ಅಕ್ಕೋರದ್ದು ಎಂದು ನಾನು ತೋರಿಸಿದ ದಿನ, “ಅಕ್ಕೋರು ಮರತು ಹೋಗ್ಯಾರ. ನೀವು ಬಿಸಾಕಿ ಹೋಗೀರಿ. ಫರಕ್ ಇಲ್ಲೇನು?” ಎಂದರು.

‘ಈಗಿನ ಹುಡುಗ್ರು’ ಎನ್ನುವಾಗ ಎರಡು ಬೆರಳು ಎತ್ತಿ ನಶ್ಯ ಕೊಡವಿದಂತೆ ಕೊಡವುತ್ತಿದ್ದರು. ಒಂದು ತಿಂಗಳು ಅದನ್ನು ಎಣಿಸಿ ಗೀಟು ಹಾಕಿದೆ. ಪುಟ ತುಂಬಿತು. ಬಿಟ್ಟುಬಿಟ್ಟೆ.

ಮೊದಲ ಜಗಳ ದಿಕ್ಕಿನದು. ಓಟದ ಸ್ಪರ್ಧೆ ಎಲ್ಲಿ ನಡೆದರೂ ಎಡಗೈ ಒಳಬದಿಗೆ ಬರುವಂತೆ, ಎಡಕ್ಕೆ ಸುತ್ತುತ್ತಾರೆ. ಬಳ್ಳಾರಿಯ ಪರೀಕ್ಷೆಯಲ್ಲೂ ಹಾಗೆಯೇ. ನಾವೂ ಹಾಗೇ ಓಡುತ್ತಿದ್ದೆವು. ಯಜಮಾನ್ರ ಗುಂಪು ಬಲಕ್ಕೆ ಸುತ್ತುತ್ತಿತ್ತು, ಗುಡಿಯಲ್ಲಿ ಪ್ರದಕ್ಷಿಣೆ ಹಾಕಿದಂತೆ. ಅದೂ ಮೂರು ಮೂರು ಜನ ಸಾಲಾಗಿ, ಒಳಬದಿಯ ಒಳ್ಳೆಯ ನೆಲ ಹಿಡಿದು. ಪ್ರತಿ ಸುತ್ತಿಗೆ ಒಂದೆರಡು ಸಲ ಅವರ ಮುಖ ನನ್ನೆದುರು ಬರುತ್ತಿತ್ತು. ಪ್ರತಿಸಲವೂ ನಾನು ಹೊರಗೆ ಸರಿಯಬೇಕು, ಓಟದ ಲಯ ಕೆಡಿಸಿಕೊಳ್ಳಬೇಕು.

“ಯಜಮಾನ್ರೇ, ಎಲ್ಲಾರೂ ಒಂದಾ ಕಡಿ ಹೋದ್ರ ಯಾರಿಗೂ ತ್ರಾಸಿಲ್ಲರಿ,” ಎಂದೆ ಒಂದು ದಿನ.

“ಅದನ್ನಾ ನಾನೂ ಹೇಳೋದು. ನೀವು ಬಲಕ್ಕ ಓಡ್ರಿ.”

“ಪರೀಕ್ಷಾದಾಗ ಎಡಕ್ಕ ಓಡಿಸ್ತಾರ್ರಿ.”

“ಎಡಕ್ಕ ಸುತ್ತೋದು ಸುಡುಗಾಡಿನಾಗ ತಮ್ಮಾ. ಮುಂಜಾನೆ ಎದ್ದು ಯಾರಾರ ಅಪ್ರದಕ್ಷಿಣಿ ಹಾಕ್ತಾರೇನು?”

“ಪ್ರದಕ್ಷಿಣಿ ಹಾಕಾಕ ನಡುವ ದೇವ್ರೆಲ್ಲಿ ಅದಾನ್ರಿ? ಕ್ರಿಕೆಟ್‌ನವರ ಕಲ್ಲಿನ ರೋಲರ್ ಐತಿ.”

“ಕಲ್ಲಲ್ಲೇನು? ಹಂಪ್ಯಾಗ ಇರೋದೂ ಕಲ್ಲಾ.”

ಹಿಂದಿದ್ದ ಇಬ್ಬರು ನಕ್ಕರು. ಯಜಮಾನ್ರು ಗೆದ್ದವರಂತೆ ಬೆತ್ತ ಬೀಸುತ್ತಾ ಬಲಕ್ಕೆ ಹೋದರು. ಅವರೊಂದಿಗೆ ಮಾತಾಡಿ ಮುಗಿದ ಮೇಲೆ ಪ್ರತಿಸಲ ನನಗೆ ಹೀಗೇ ಆಗುತ್ತಿತ್ತು. ನಾನು ಹೇಳಿದ್ದು ಸರಿಯಿರುತ್ತಿತ್ತು, ಗ್ರೌಂಡಿನ ಒಳಬದಿ ಅವರಿಗೆ ಹೋಗಿರುತ್ತಿತ್ತು.

ಅಕ್ಕೋರು ಸಮಾಧಾನದ ಮನುಷ್ಯೆ. ಮೂವತ್ತು ವರ್ಷ ಒಂದನೇ ಇಯತ್ತೆಯ ಮಕ್ಕಳನ್ನು ಸುಮ್ಮನೆ ಕೂರಿಸಿದ್ದವರು. ಅವರು ವಾರದ ದಿನ ಹಂಚಿಕೊಳ್ಳಲು ಹೇಳಿದರು. ದೇವರ ವಾರಗಳಲ್ಲಿ ಎಲ್ಲರೂ ಬಲಕ್ಕೆ, ಉಳಿದ ವಾರಗಳಲ್ಲಿ ಎಲ್ಲರೂ ಎಡಕ್ಕೆ. ಇಂಥ ಕೆಲಸ ನನಗೆ ಇಷ್ಟ. ಒಂದು ಹಾಳೆಯಲ್ಲಿ ಕೋಷ್ಟಕ ಹಾಕಿಕೊಂಡು ಯಜಮಾನ್ರ ಮುಂದೆ ಕೂತೆ. ಸೋಮವಾರ ಶಿವನ ವಾರ, ಒಪ್ಪಿದೆ. ಮಂಗಳವಾರ, ಶುಕ್ರವಾರ ಅಮ್ಮನವರದು. ಗುರುವಾರ ಗುರುಗಳದು. ಶನಿವಾರ ಆಂಜನೇಯ, “ಇಲ್ಲೇ ಎದುರಿನ ಬೆಟ್ಟದಾಗ ಹುಟ್ಯಾನ, ಅವನ್ನ ಬಿಡಾಕಾಕ್ಕತೇನು?” ಭಾನುವಾರ ಗ್ರೌಂಡು ಕ್ರಿಕೆಟ್‌ನವರದು, ಯಾರಿಗೂ ಸಿಗದು. ಉಳಿದದ್ದು ಬುಧವಾರ.

“ಬುಧವಾರ ನಿಮ್ಮದು, ತಗೋ,” ಎಂದರು ಯಜಮಾನ್ರು, ತಮ್ಮ ಸ್ಟೋರಿನಿಂದ ಸಾಮಾನು ಎತ್ತಿಕೊಟ್ಟಂತೆ.

ಮೊದಲ ಬುಧವಾರ ನಾವು ಹುರುಪಿನಿಂದ ಹೋದೆವು. ಯಜಮಾನ್ರ ಗುಂಪು ಬಲಕ್ಕೇ ಬರುತ್ತಿತ್ತು. ಅವತ್ತು ಏಕಾದಶಿಯಂತೆ.

“ನೀನು ಪಂಚಾಂಗ ನೋಡಬೇಕಿತ್ತು,” ಎಂದರು. “ಬಿ.ಕಾಂ. ಓದೀ ಅಂತಿ.”

ಆ ಕೋಷ್ಟಕ ಹರಿದು ಹಾಕಿದೆ.

ನವೆಂಬರಿನಲ್ಲಿ ಅವರು ನಮ್ಮ ಸೆಂಟರಿಗೇ ಬಂದರು. ಪೆನ್ಶನ್ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ತೋರಿಸಿಕೊಳ್ಳಬೇಕು. ಈಗ ಅದನ್ನು ಮೊಬೈಲಿನಲ್ಲೇ ಮಾಡಬಹುದು. ಕ್ಯಾಮೆರಾ ಮುಖ ನೋಡುತ್ತದೆ, ಕಣ್ಣು ಮಿಟುಕಿಸಿದರೆ ಒಪ್ಪಿಕೊಳ್ಳುತ್ತದೆ. ನನ್ನನ್ನು ಕಂಡೊಡನೆ ವಾಪಸ್ ಹೋಗುವವರಂತೆ ಬಾಗಿಲಲ್ಲಿ ನಿಂತರು. ಆಮೇಲೆ, “ಬ್ಯಾರೆ ಯಾರೂ ಇಲ್ಲೇನು?” ಎಂದರು.

“ಇಲ್ಲರಿ. ಕುಂದ್ರಿ. ಕ್ಯಾಪ್ ತಗೀರಿ.”

ಮಂಕಿ ಕ್ಯಾಪಿಲ್ಲದ ಅವರನ್ನು ಅಂದೇ ಮೊದಲು ನೋಡಿದ್ದು. ತಲೆ ಸಣ್ಣದಾಗಿತ್ತು. ಮೊಬೈಲು ಎದುರು ಹಿಡಿದು, “ಕಣ್ಣು ಮಿಟುಕಿಸ್ರಿ,” ಎಂದೆ.

“ಯಾಕ?”

“ನೀವು ಜೀವಂತ ಇದ್ದೀರಿ ಅಂತ ಅದಕ್ಕ ಗೊತ್ತಾಗಬೇಕ್ರಿ.”

“ಎದುರಿಗೆ ಕುಂತೀನಿ, ಮಾತಾಡಾಕ ಹತ್ತೀನಿ. ನಿನಗ ಕಾಣವಲ್ದೇನು?”

“ನನಗ ಕಾಣ್ತದ್ರಿ. ನಾನು ಪೆನ್ಶನ್ ಕೊಡಂಗಿಲ್ಲ.”

ಅವರು ಮಿಟುಕಿಸಿದರು, ಮೊಬೈಲು ಒಪ್ಪಲಿಲ್ಲ. ಮತ್ತೆ ಮಿಟುಕಿಸಿದರು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಹಾಗೇ ಹಿಡಿದು, ಒಮ್ಮೆಲೇ ತೆರೆಯುತ್ತಿದ್ದರು. ಸರತಿಯಲ್ಲಿದ್ದವರು ನಗತೊಡಗಿದರು. ನನಗೂ ಬೆಳಗಿನ ಸಿಟ್ಟೆಲ್ಲ ನಾಲಿಗೆಗೆ ಬಂತು. “ಆರಾಮ ಮಾಡ್ರಿ. ಇಷ್ಟು ಮಾಡಿದ್ರ ತಿಂಗಳಾ ತಿಂಗಳಾ ರೊಕ್ಕ ಬರ್ತದ. ನಮಗ ಓಡಿದ್ರೂ ಬರಂಗಿಲ್ಲ,” ಎಂದೆ.

“ಓಡಬ್ಯಾಡ ಅಂದೋರ್ಯಾರು? ದಮ್ಮಿಲ್ಲ ನಿಮಗ. ಮೂರು ಸುತ್ತಿಗೆ ಬಾಯಿ ತಗೀತೀರಿ.”

“ನಿಮ್ಮನ್ನ ಯಾರೂ ಓಡಿಸ್ಲಿಲ್ಲ ಬಿಡ್ರಿ. ಹತ್ತನೇತ್ತ ಪಾಸಾದ್ರ ಕರದು ಕೊಟ್ರು. ಈಗ ಒಂದು ಕುರ್ಚಿಗೆ ಸಾವಿರ ಮಂದಿ ಬರ್ತಾರ. ಅದು ಗೊತ್ತಿದ್ದಿದ್ರ ಹಿಂಗ ಮಾತಾಡ್ತಿರಲಿಲ್ಲ ನೀವು.”

ಅವರು ಕ್ಯಾಪು ಹಾಕಿಕೊಂಡರು. ಕೆಲಸ ಇನ್ನೂ ಮುಗಿದಿರಲಿಲ್ಲ.

“ಹೌದು, ಕರದಾ ಕೊಟ್ರು. ನನಗ ಹತ್ತೊಂಬತ್ತು. ನಮ್ಮಪ್ಪ ಕಾಮಾಲೆ ಆಗಿ ಸತ್ತ, ಅವನ ಜಾಗಾಕ್ಕ ನನ್ನ ಕುಂದ್ರಿಸಿದ್ರು. ಅವನ ಟೇಬಲ್ಲು, ಅವನ ಕೀಲಿ ಗೊಂಚಲಾ. ಓಡ್ಲಿಲ್ಲಪ. ಖರೇ ಐತಿ.”

ನಾನು ಮೊಬೈಲನ್ನು ಮತ್ತೆ ಎತ್ತಿ ಹಿಡಿದೆ. ಅವರು ತಾವಾಗಿ ಕ್ಯಾಪು ತೆಗೆದು ಮಿಟುಕಿಸಿದರು. ಈ ಸಲ ಮೊಬೈಲು ಒಪ್ಪಿತು. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, “ಆದ್ರೂ ದಮ್ಮಿಲ್ಲ ನಿಮಗ,” ಎಂದರು.

ಇಂಥವರ ಮೇಲೆ ಒಂದು ದಿನ ಕನಿಕರ ಪಡೋಣವೆಂದರೆ ಆ ಅವಕಾಶವನ್ನೂ ಅವರು ಕೊಡುವುದಿಲ್ಲ.

ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಡಿಕ್ಕಿಯಾಯಿತು. ಜನವರಿಯ ಮಂಜು. ನೀರಿನ ಟ್ಯಾಂಕಿನ ತಿರುವಿನಲ್ಲಿ ನಾನು ಕೈಗಡಿಯಾರ ನೋಡುತ್ತಾ ಓಡುತ್ತಿದ್ದೆ. ಯಜಮಾನ್ರು ಹಿಂದಕ್ಕೆ ಮುಖ ತಿರುಗಿಸಿ ಅಕ್ಕೋರಿಗೆ ಈಗಿನ ಹುಡುಗರ ಬಗ್ಗೆ ಏನೋ ಹೇಳುತ್ತಾ ಬರುತ್ತಿದ್ದರು. ಇಬ್ಬರೂ ನೆಲಕ್ಕೆ ಬಿದ್ದೆವು. ನನ್ನ ಎಡಗಾಲಿನ ಹಿಮ್ಮಡಿಯ ಮೇಲೆ ಚಳಕ್ಕೆಂದಿತು. ಅವರ ಮೊಣಕೈ ಸುಲಿದಿತ್ತು.

“ಅದಕ್ಕಾ ಹೇಳಿದ್ದು, ಬಲಕ್ಕ ಓಡ್ರಿ ಅಂತ!” ಬಿದ್ದಲ್ಲಿಂದಲೇ ಅವರು.

“ಅದಕ್ಕಾ ಹೇಳಿದ್ದು, ಎಡಕ್ಕ ನಡೀರಿ ಅಂತ!” ಬಿದ್ದಲ್ಲಿಂದಲೇ ನಾನು.

“ಮೊದ್ಲು ಎದ್ದೇಳ್ರಿ ಇಬ್ರೂ,” ಎಂದರು ಅಕ್ಕೋರು. “ಜಗಳ ನಿಂತ್ಕೊಂಡೂ ಆಡಬಹುದು.”

ನನಗೆ ನಿಲ್ಲಲು ಆಗಲಿಲ್ಲ. ಬಂಡ್ರಿಯಿಂದ ಬಂದು ನಮ್ಮ ಓಣಿಯಲ್ಲೇ ರೂಮು ಮಾಡಿಕೊಂಡಿದ್ದ ಹುಲುಗಪ್ಪ, ನನ್ನ ಜೊತೆ ಓಡುವವನು, ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಮೂಳೆ ಮುರಿದಿರಲಿಲ್ಲ, ಉಳುಕು. ಎರಡು ವಾರ ಓಡಬೇಡ ಎಂದರು. ನನ್ನ ಬಳಿ ಇದ್ದದ್ದೇ ನಾಲ್ಕು ವಾರ.

ಮನೆಯಲ್ಲಿ ಕೂರಲಾಗದೆ ಕಾಲಿಗೆ ಪಟ್ಟಿ ಸುತ್ತಿಕೊಂಡು ಗ್ರೌಂಡಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದೆ. ಹಾಗಾಗಿ ಮುಂದೆ ನಡೆದದ್ದನ್ನು ನಾನು ಪೂರ್ತಿ ನೋಡಿದೆ. ಹುಲುಗಪ್ಪ ಹಿಂದಿನ ಸಂಜೆ ಹುಡುಗರನ್ನೆಲ್ಲ ಸೇರಿಸಿ, “ಮುದುಕ್ರದ್ದು ಯಾರದಾರ ಮೂಳಿ ಮುರುದ್ರ ನಮ್ಮ ಮ್ಯಾಲೆ ಕೇಸ್ ಆಕ್ಕತಿ. ಕೇಸ್ ಆದ್ರ ಪೊಲೀಸ್ ನೌಕ್ರಿ ಮರತಬಿಡ್ರಲೇ. ನಾಳಿಂದ ಬಲಕ್ಕಾ ಓಡೋಣು,” ಎಂದು ಒಪ್ಪಿಸಿದ್ದ. ಅದೇ ಸಂಜೆ ಅಕ್ಕೋರು ವಾಕಿಂಗಿನವರಿಗೆಲ್ಲ ಫೋನು ಮಾಡಿ, “ಆ ಹುಡುಗನ ನೌಕ್ರಿ ಹೋದ್ರ ಶಾಪ ನಮಗಾ ತಟ್ಟತದ. ನಾಳಿಂದ ಎಡಕ್ಕ ನಡಿಯೂಣ್ರಿ,” ಎಂದಿದ್ದರಂತೆ. ಯಜಮಾನ್ರು ಒಪ್ಪಲು ಎರಡು ತಾಸು ಹಿಡಿಯಿತಂತೆ. ಈ ಗುಂಪಿನ ಮಾತು ಆ ಗುಂಪಿಗೆ ಯಾರೂ ತಿಳಿಸಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಎರಡೂ ಕಡೆಯವರಿದ್ದರು. ಆದರೆ ಅದು ಹಬ್ಬದ ಶುಭಾಶಯ ಹಾಕುವುದಕ್ಕಷ್ಟೇ.

ಬೆಳಿಗ್ಗೆ ಹುಡುಗರು ಬಲಕ್ಕೆ ಹೊರಟರು, ಹಿರಿಯರು ಎಡಕ್ಕೆ. ಟ್ಯಾಂಕಿನ ತಿರುವಿನಲ್ಲಿ ಮುಖಾಮುಖಿ ನಿಂತರು.

“ನಿಮ್ಮ ಸಲುವಾಗಿ ನಾವು ನಮ್ಮ ಪದ್ಧತಿ ಬಿಟ್ವಿ,” ಯಜಮಾನ್ರು ಕೂಗಿದರು. “ನೀವು ಮತ್ತ ಎದುರಿಗಾ ಬಂದ್ರಿ!”

“ನಿಮ್ಮ ಸಲುವಾಗೇ ಬಂದೀವ್ರಿ,” ಎಂದ ಹುಲುಗಪ್ಪ.

ಮೆಟ್ಟಿಲ ಮೇಲೆ ಕೂತಿದ್ದ ನಾನು, “ಹಂಗಾ ನಿಲ್ರಿ! ಒಬ್ರು ತಿರುಗಿದ್ರ ಸಾಕು!” ಎಂದು ಅರಚಿದೆ. ಯಾರಿಗೆ ಕೇಳಬೇಕು. ಸಿಟ್ಟಿನಲ್ಲಿ ಎರಡೂ ಗುಂಪು ತಿರುಗಿದವು. ಹುಡುಗರು ಮತ್ತೆ ಎಡಕ್ಕೆ, ಹಿರಿಯರು ಮತ್ತೆ ಬಲಕ್ಕೆ. ಮರುದಿನ ಎರಡೂ ಗುಂಪಿನವರು ಗೇಟಿನಲ್ಲೇ ನಿಂತು, ಎದುರಿನವರು ಯಾವ ಕಡೆ ಹೋಗುತ್ತಾರೆ ನೋಡೋಣವೆಂದು ಕಾದರು. ಬಿಸಿಲೇರಿತು. ಯಾರೂ ಓಡಲಿಲ್ಲ, ಯಾರೂ ನಡೆಯಲಿಲ್ಲ. ಕೊನೆಗೆ ಎಲ್ಲರೂ ಎದುರಿನ ಅಂಗಡಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಮನೆಗೆ ಹೋದರು. ಅಲ್ಲೂ ಎರಡು ಬೇರೆ ಬೇರೆ ಬೆಂಚು. ಅದರ ಮರುದಿನದಿಂದ ಎಲ್ಲ ಮೊದಲಿನಂತೆಯೇ ನಡೆಯಿತು.

ಎರಡು ವಾರದ ನಂತರ ನಾನು ಓಡಲು ಶುರುಮಾಡಿದೆ. ಯಜಮಾನ್ರು ಎದುರು ಬಂದಾಗ ಬೆತ್ತ ಅಡ್ಡ ಹಿಡಿದು ತಮ್ಮ ಗುಂಪನ್ನು ಒತ್ತಿ ಒಂದೇ ಸಾಲಾಗಿಸುತ್ತಿದ್ದರು. ಅಷ್ಟು ಜಾಗ ಸಾಕಾಗುತ್ತಿತ್ತು. ಆದರೆ ಬಾಯಿ ಮುಚ್ಚುತ್ತಿರಲಿಲ್ಲ. “ಮಣಕಾಲು ಎತ್ತು!” “ಉಸುರು ಮೂಗಿನಾಗ ತಗೋ!” “ಆ ಕೈಗಡಿಯಾರ ಬಿಚ್ಚಿಟ್ಟು ಬಾ!” ಒಂದು ದಿನವೂ ಓಡದ ಮನುಷ್ಯ.

ಬಳ್ಳಾರಿಯ ಮೈದಾನದಲ್ಲಿ ನಾಲ್ಕು ಸುತ್ತು. ಮೂರನೆಯ ಸುತ್ತಿನವರೆಗೆ ನಾನೂ ಹುಲುಗಪ್ಪನೂ ಜೊತೆಗಿದ್ದೆವು. ಆಮೇಲೆ ಅವನ ಬೆನ್ನು ಕಂಡಿತು. ನನ್ನದು ಆರು ನಿಮಿಷ ಮೂವತ್ತನಾಲ್ಕು ಸೆಕೆಂಡು ಎಂದು ಕರೆದರು. ಹುಲುಗಪ್ಪ ಪಾಸಾದ. ಬಸ್ಸಿನಲ್ಲಿ ಅವನಿಗೆ ನಗಲು ಸಂಕೋಚ, ನನಗೆ ಅವನ ಕಡೆ ನೋಡಲು ಸಂಕೋಚ. ಕುರೆಕುಪ್ಪ ದಾಟುವಾಗ, “ನಿನ್ನ ಕಾಲು ಸರಿ ಇದ್ದಿದ್ರ...” ಎಂದ. ನಾನು ಕಿಟಕಿಯ ಕಡೆ ತಿರುಗಿದೆ.

ಒಂದು ವಾರ ಗ್ರೌಂಡಿಗೆ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಅಭ್ಯಾಸಬಲದಿಂದ ಎಚ್ಚರವಾಗಿ, ಹೋಗಿ ಮೆಟ್ಟಿಲ ಮೇಲೆ ಕೂತೆ. ಯಜಮಾನ್ರು ಸಾಲು ಬಿಟ್ಟು ಬಂದು ಎದುರು ನಿಂತರು.

“ಎಷ್ಟರಾಗ ಹೋತು?”

“ನಾಕು ಸೆಕೆಂಡಿನಾಗ್ರಿ.”

“ನನ್ನಿಂದ ಆತು ಅಂತೀಯೇನು?”

ಇಲ್ಲ ಎನ್ನುವುದು ಮರ್ಯಾದೆ. ನನಗೆ ಆ ಮರ್ಯಾದೆ ಅಂದು ಬೇಕಿರಲಿಲ್ಲ. “ಅರ್ಧ ನಿಮ್ಮಿಂದ್ರಿ,” ಎಂದೆ.

ಅವರು ಬೆತ್ತದ ತುದಿಯಿಂದ ನೆಲ ಕೆದರಿದರು. “ನಾನೂ ಅರ್ಧಾ ಅಂತ ಲೆಕ್ಕ ಹಾಕಿದ್ದೆ,” ಎಂದರು. ಆಮೇಲೆ, “ವಯಸ್ಸು ಮುಗೀತೇನು?”

“ಮುಗೀತ್ರಿ. ಇನ್ನ ಅರ್ಜಿ ಹಾಕಾಕ ಬರಂಗಿಲ್ಲ.”

“ಹಂಗಾದ್ರ ಇಲ್ಲಿ ಕುಂತು ಏನ್ ಮಾಡ್ತಿ? ಏಳು. ನಮ್ಮ ಕಡಿ ಬಾ.”

ನನಗೆ ಇಪ್ಪತ್ತೇಳು. ಜೀವನದಲ್ಲಿ ಯಾರ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. “ನಾನೇನು ಮುದುಕ ಆಗೀನೇನ್ರಿ?” ಎಂದು ಜೋರಾಗಿಯೇ ಕೇಳಿದೆ. ಅಕ್ಕೋರು ದೂರದಿಂದ ತಿರುಗಿ ನೋಡಿದರು.

“ಸರ್ಕಾರ ಅಂತೈತಿ. ನಾನಲ್ಲ,” ಎಂದರು ಯಜಮಾನ್ರು. ಹೋಗಲಿಲ್ಲ, ಅಲ್ಲೇ ನಿಂತರು. ಅವರ ಸಾಲು ಒಂದು ಸುತ್ತು ಮುಗಿಸಿ ಹತ್ತಿರ ಬಂತು. ಅವರು ಅಲ್ಲಿಂದ ಕದಲುವುದಿಲ್ಲ ಎಂದು ನನಗೆ ಗೊತ್ತಾಯಿತು. ಒಂದು ವರ್ಷ ಅವರನ್ನು ಎದುರಿನಿಂದ ನೋಡಿದ್ದೇನೆ. ಸರಿಯುವ ಜಾತಿಯಲ್ಲ. ಎದ್ದೆ.

ಬಲಕ್ಕೆ ನಡೆದೆವು. ಅವರ ನಡಿಗೆ ನನಗೆ ವಿಪರೀತ ನಿಧಾನ. ಹೆಜ್ಜೆ ಹಿಡಿದು ಹಿಡಿದು ಇಡಬೇಕಾಯಿತು. ಪರೀಕ್ಷೆಯ ಮಾತು ಅವರು ಎತ್ತಲಿಲ್ಲ. ನಲ್ಲಿ ಮುರಿದವರು ಯಾರು, ಗೇಟಿನ ಬೀಗ ಕದ್ದವರು ಯಾರು ಎಂದು ದಾಸ್ತಾನು ಹೇಳುತ್ತಾ ಬಂದರು. ಟ್ಯಾಂಕಿನ ತಿರುವಿನಲ್ಲಿ ಹೊಸ ಹುಡುಗನೊಬ್ಬ ಎದುರು ಬಂದ. ಹತ್ತೊಂಬತ್ತಿರಬೇಕು. ಕೈಗಳನ್ನು ಎದೆಯ ಮೇಲಕ್ಕೆ ಬಿಗಿಹಿಡಿದು ಓಡುತ್ತಿದ್ದ. ಹಾಗೆ ಓಡಿದರೆ ಮೂರನೆಯ ಸುತ್ತಿಗೆ ಭುಜ ಸೋಲುತ್ತದೆ. ನನಗದು ಚೆನ್ನಾಗಿ ಗೊತ್ತು.

“ಲೇ ತಮ್ಮಾ, ಕೈ ಕೆಳಗ ಬಿಡು! ದಮ್ಮು ಹತ್ತತೈತಿ!” ನನ್ನ ಬಾಯಿಂದ ಬಂದುಬಿಟ್ಟಿತು.

“ಬಾಜೂ ಸರೀರಿ ಅಂಕಲ್,” ಎಂದ ಹುಡುಗ, ಹೊರಕ್ಕೆ ಸುತ್ತು ಹಾಕಿಕೊಂಡು ಹೋದ. ಹಿಂದಿರುಗಿಯೂ ನೋಡಲಿಲ್ಲ.

ಯಜಮಾನ್ರು ಈಗ ಏನಾದರೂ ಅಂದೇ ಅನ್ನುತ್ತಾರೆಂದು ಹಲ್ಲು ಕಚ್ಚಿ ಕಾದೆ. ಅವರು ನನ್ನ ಮುಖ ನೋಡಲಿಲ್ಲ. ಬೆತ್ತವನ್ನು ಬಲಗೈಗೆ ಬದಲಿಸಿಕೊಂಡರು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಒಳಬದಿಯ ಒಳ್ಳೆಯ ನೆಲವನ್ನು ನನಗೆ ಬಿಟ್ಟುಕೊಟ್ಟರು.